ಕಂಪನಿ ನಾಟಕದ ಹಾಡು, ಜನರೇಟರ್ ಮತ್ತು ಕರಿ ಒಂದು

ಹಳೇ ಕ್ಯಾಸೆಟ್ಟಿನಲ್ಲಿದ್ದ ಕಂಪನಿ ನಾಟಕದ ಹಾಡು ಕೊನೆಗೂ ಸರಿಯಾದ ಶ್ರುತಿಗೆ ಬಂದು ಕೂತಿದೆ. ಈ ಸಲ ಅದರದ್ದೇ ರಾಮಾಯಣ. ಕ್ಯಾಸೆಟ್ಟಿನೊಳಗೆ ಉದುರಿದ ಪ್ಯಾಡ್ ಅಂಟಿಸಿದ್ದು, ಟೇಪ್ ಓದುವ ಹೆಡ್ ಒರೆಸಿದ್ದು, ದನಿ ಬಿಚ್ಚಿಕೊಳ್ಳುವವರೆಗೆ ಹೆಡ್ಡಿನ ಓರೆ ಸರಿಮಾಡುವ ಅಜಿಮತ್ ಸ್ಕ್ರೂ ತಿರುಗಿಸಿದ್ದು ಎಲ್ಲ ನಿಮಗೆ ಗೊತ್ತಿರುವ ಕೆಲಸವೇ. ಹಾರಿಸುತ್ತೇನೆ.

ಹೊಸಬರಿಗೆ ಎರಡು ಮಾತು. ದಾವಣಗೆರೆ ಅಂದ್ರೆ ಈಗ ಎಲ್ಲರ ಬಾಯಲ್ಲೂ ಬೆಣ್ಣೆ ದೋಸೆ. ಆದರೆ ಇದು ರಂಗನಟಿ ಚಿಂದೋಡಿ ಲೀಲಾ ಅವರ ಊರು. ಕಂಪನಿ ನಾಟಕದ ಹುಚ್ಚು ಇಲ್ಲಿನ ಮಣ್ಣಿನಲ್ಲೇ ಇದೆ. ಎರಡು ವರ್ಷಕ್ಕೊಮ್ಮೆ ಬರುವ ದುಗ್ಗಮ್ಮನ ಜಾತ್ರೆಯಲ್ಲಿ ಟೆಂಟ್ ಹಾಕಿದ್ದ ಯಾವುದೋ ಕಂಪನಿಯ ನಾಟಕಕ್ಕೆ ಮಾವ ನನ್ನನ್ನು ಕರೆದುಕೊಂಡು ಹೋಗಿದ್ದರು. ಅಲ್ಲಿ ಕೇಳಿದ ಒಂದು ಹಾಡಿನ ಧಾಟಿ ತಲೆಯಲ್ಲಿ ಉಳಿಯಿತು, ಸಾಲುಗಳು ಹೋದವು. ಮಾವ ಅವತ್ತು ಬ್ಯಾಟರಿ ಟೇಪ್ ರೆಕಾರ್ಡರನ್ನು ತೊಡೆ ಮೇಲಿಟ್ಟುಕೊಂಡು ಅದರ ಮೈಕ್‌ನಲ್ಲೇ ರೆಕಾರ್ಡ್ ಮಾಡಿದ್ದರು. ಆ ಸಿ-60, ಅಂದರೆ ಅರವತ್ತು ನಿಮಿಷದ ಕ್ಯಾಸೆಟ್, ಅತ್ತೆಯ ಟ್ರಂಕ್‌ನಲ್ಲಿ ಹಳೇ ರೇಷನ್ ಕಾರ್ಡ್ ಜೊತೆ ಸಿಕ್ಕಿತು. ಲೇಬಲ್ ಮೇಲಿನ ಇಂಕು ಪೂರ್ತಿ ಅಳಿಸಿಹೋಗಿದೆ.

ಮೊದಲು ಕ್ಯಾಸೆಟ್ ಓಡಿಸುವ ಡೆಕ್ಕಿನ ಬೆಲ್ಟ್ ಪುರಾಣ. ಡೆಕ್‌ನ ಹಳೇ ಬೆಲ್ಟ್ ಕರಗಿ ಟಾರ್ ಆಗಿತ್ತು. ಪುಲ್ಲಿಯಿಂದ ಅದನ್ನು ತೆಗೆಯಲು ಐಸೋಪ್ರೊಪೈಲ್ ಆಲ್ಕೋಹಾಲ್ ಬೇಕಲ್ಲ, ತರಿಸಿದ ಬಾಟಲಿ ಮೇಲೆ 99 ಪರ್ಸೆಂಟ್ ಅಂತ ಬರೆದಿತ್ತು, ಒಳಗೆ ಅರ್ಧ ನೀರೇ ಇರಬೇಕು. ಬೆಂಗಳೂರಿನ ಎಸ್.ಪಿ. ರೋಡಿನ ಅಂಗಡಿಯೊಬ್ಬರಿಗೆ ಚಪ್ಪಟೆ ಬೆಲ್ಟ್ ಅಂತ ಹೇಳಿ, ಫೋಟೋ ಕಳಿಸಿ, ಅಗಲವನ್ನೂ ಬರೆದು ಕೊಟ್ಟೆ. ಬಂದಿದ್ದು ಚೌಕದ್ದು. ಫೋನ್ ಮಾಡಿದರೆ "ಎಲ್ಲಾ ಒಂದೇ ಸಾರ್, ಹಾಕ್ಕೊಳ್ಳಿ" ಅಂದರು. ಒಂದೇ ಆಗಿದ್ದರೆ ನಾನು ಯಾಕೆ ಕೇಳ್ತಿದ್ದೆ? ಕೊನೆಗೆ ಇಲ್ಲಿನ ಒಬ್ಬ ರಿಪೇರಿಯವರ ಡಬ್ಬದಲ್ಲೇ ಸರಿಯಾದದ್ದು ಸಿಕ್ಕಿತು. ಕರಾರುವಾಕ್ಕಾಗಿ 3150 ಹರ್ಟ್ಜ್ ಸ್ವರ ತುಂಬಿದ ಟೆಸ್ಟ್ ಟೇಪ್ ಹಾಕಿ, ಮೋಟಾರಿನ ವೇಗದ ಪ್ರೀಸೆಟ್ ಸ್ಕ್ರೂ ತಿರುಗಿಸಿ ಡೆಕ್ ವೇಗ ಸರಿಮಾಡಿಕೊಂಡೆ. ಅಲ್ಲಿಗೆ ಡೆಕ್ ಮೇಲೆ ಅನುಮಾನ ಮುಗಿಯಿತು.

ಹಾಡು ಹಾಕಿದೆ. ಅತ್ತೆ ಕೇಳಿಸಿಕೊಂಡು, "ಗಂಡಸು ಹಾಡಾಕತ್ತಿದ್ದ, ಬರ್ತಾ ಬರ್ತಾ ಹುಡುಗ ಆಗ್ಯಾನಲ್ಲೋ" ಅಂದರು. ಸರಿಯಾಗೇ ಹಿಡಿದರು. ಹಾರ್ಮೋನಿಯಂನ ಷಡ್ಜ ಹಾಡಿನ ಶುರುವಿಗೆ 286 ಹರ್ಟ್ಜ್, ಕೊನೆಗೆ 302. ಹತ್ತಿರ ಹತ್ತಿರ ಒಂದು ಮನೆ, ಅಂದರೆ ಹಾರ್ಮೋನಿಯಂನ ಒಂದು ಕೀ, ಮೇಲಕ್ಕೆ ಹೋಗಿದೆ. ಕಾರಣ ನಿಮಗೆ ಹೊಳೆದಿರುತ್ತೆ. ಅವತ್ತು ಸೆಲ್ ಇಳಿಯುತ್ತಿತ್ತು, ಟೇಪ್ ನಿಧಾನವಾಗಿ ಓಡುತ್ತಿತ್ತು. ನಿಧಾನವಾಗಿ ತುಂಬಿದ್ದನ್ನು ಸರಿಯಾದ ವೇಗದಲ್ಲಿ ಓಡಿಸಿದರೆ ದನಿ ಏರುತ್ತದೆ.

ಏರಿಕೆಯನ್ನು ಸಪಾಟು ಮಾಡುವುದು ಕಷ್ಟವಲ್ಲ, ಕಂಪ್ಯೂಟರಿನ ಆಡಾಸಿಟಿ ಸಾಫ್ಟ್‌ವೇರಿನಲ್ಲಿ ವೇಗವನ್ನು ನಿಧಾನಕ್ಕೆ ಬದಲಿಸುವ ಟೈಮ್ ಟ್ರ್ಯಾಕ್ ಇದೆ. ಆದರೆ ಯಾವ ಮಟ್ಟಕ್ಕೆ ತರುವುದು? ಟೇಪಿನಲ್ಲಿ ಸೇರಿಕೊಂಡಿದ್ದ, ನಾಟಕದ ಆಂಪ್ಲಿಫೈಯರ್‌ನ ಗುಂಯ್ ಸದ್ದನ್ನು ಅಳತೆಗೋಲು ಮಾಡಿಕೊಂಡೆ. ನಮ್ಮ ಕರೆಂಟು 50 ಹರ್ಟ್ಜ್, ಗುಂಯ್ ಅನ್ನುವುದು ಅದರದ್ದೇ ಪಟ್ಟುಗಳಲ್ಲಿ (50, 100, 300 ಹೀಗೆ) ಬರುತ್ತದೆ. ಕಹಳೆ ಸ್ಪೀಕರ್ ಕೆಳಗಿನ ಸದ್ದನ್ನು ನುಂಗಿಬಿಡುತ್ತದೆ, ಹಾಗಾಗಿ 50, 100 ಎರಡೂ ಕಾಣಲಿಲ್ಲ. 300 ಇರಬೇಕಾದ ಕಡೆ ಮಾತ್ರ, ಸದ್ದನ್ನು ಚಿತ್ರವಾಗಿ ತೋರಿಸುವ ಸ್ಪೆಕ್ಟ್ರೋಗ್ರಾಮ್‌ನಲ್ಲಿ ಒಂದು ತೆಳ್ಳನೆ ಗೆರೆ, ಹಾಡಿನ ಶುರುವಿಗೆ 312ರಲ್ಲಿ. ಆ ಗೆರೆಯನ್ನು ಉದ್ದಕ್ಕೂ 300ಕ್ಕೆ ಎಳೆದು ಕೂರಿಸಿದೆ. ಗೆರೆ ನೇರವಾಯಿತು. ಹಾಡು ಮಾತ್ರ ಎರಡನೇ ಚರಣಕ್ಕೆ ಬರುತ್ತಿದ್ದಂಗೆ ದಡಕ್ಕನೆ ಕುಸಿಯಿತು.

ತಲೆ ಕೆಟ್ಟುಹೋಯಿತು. ಮೂಲವನ್ನೇ ಮತ್ತೆ ತೆಗೆದು ನೋಡಿದೆ. ಆ ಜಾಗದಲ್ಲಿ ಗೆರೆ ಒಂದೇ ಸಲ ಆರು ಹರ್ಟ್ಜ್ ಮೇಲಕ್ಕೆ ಜಿಗಿದಿದೆ, ಹಾರ್ಮೋನಿಯಂ ಜಿಗಿದಿಲ್ಲ. ಅದೇ ಕ್ಷಣಕ್ಕೆ ಜನ ಸಿಳ್ಳೆ ಹೊಡೆಯುತ್ತಾರೆ. ಅಂದರೆ ರಂಗದ ದೊಡ್ಡ ಲೈಟುಗಳು ಆರಿ ಬಣ್ಣದ ಲೈಟು ಬಿದ್ದಿರಬೇಕು. ಲೋಡ್ ಇಳಿದ ಕೂಡಲೇ ವೇಗ ಏರಿದೆ. ಇದು ಲೈನ್ ಕರೆಂಟಲ್ಲ, ಟೆಂಟ್ ಹಿಂದೆ ನಿಂತಿದ್ದ ಡೀಸೆಲ್ ಜನರೇಟರ್! ಅಲ್ಲಿಗೆ ನನ್ನ ಅಳತೆಗೋಲೇ ರಬ್ಬರಿನದು ಅಂತಾಯಿತು.

ಹಾಗಾಗಿ ಏರಿಕೆಯನ್ನು ಹಾರ್ಮೋನಿಯಂ ಹಿಡಿದೇ ಸಪಾಟು ಮಾಡಿದೆ. ಗಾಳಿಗೆ ನುಡಿಯುವ ಅದರ ರೀಡ್‌ಗೆ ಲೈಟು ಆರಿದ್ದೂ ಗೊತ್ತಿಲ್ಲ, ಹತ್ತಿದ್ದೂ ಗೊತ್ತಿಲ್ಲ. ಉಳಿದದ್ದು ಒಂದೇ ಪ್ರಶ್ನೆ, ಷಡ್ಜ ನಿಜವಾಗಿ ಯಾವ ಮನೆಯದು? ಟೇಪಿನಲ್ಲಿ ದನಿ ಏರಿರುವುದರಿಂದ ಅದು 286ಕ್ಕಿಂತ ಕೆಳಗೇ ಇರಬೇಕು. 286ಕ್ಕೆ ಕೆಳಗಿನ ಮನೆ ಕರಿ ಒಂದು, ಅಂದರೆ ಮೊದಲ ಕರಿ ಕೀ, 277. ಅದರ ಕೆಳಗಿನದು ಬಿಳಿ ಒಂದು, 262. ಶುರುವಿನ 312ರ ಗೆರೆಯನ್ನೂ ಅದೇ ಪ್ರಮಾಣದಲ್ಲಿ ಇಳಿಸಿ ಲೆಕ್ಕ ಹಾಕಿದರೆ, ಕರಿ ಒಂದಾದರೆ ಜನರೇಟರ್ ಸುಮಾರು 50.4 ಹರ್ಟ್ಜ್‌ನಲ್ಲಿ ಓಡಿರಬೇಕು. ಬಿಳಿ ಒಂದಾದರೆ 47.6. ಜಾತ್ರೆಯ ಜನರೇಟರ್ ಮೇಲೆ ಎಷ್ಟು ಬಲ್ಬು ಹೇರಿರುತ್ತಾರೆ ಅಂತ ನಿಮಗೇ ಗೊತ್ತು. ಎರಡೂ ಆಗಬಹುದು.

ಮಧ್ಯೆ ಒಂದು ಮಾತು. ಈ ಗುಂಯ್ ಹುಡುಕಾಟದಲ್ಲಿ ಮನೆಯ ಎಲ್‌ಇಡಿ ಬಲ್ಬುಗಳು ರೇಡಿಯೋಗೆ ಮಾಡುವ ಗಲಾಟೆಯೂ ಕಣ್ಣಿಗೆ ಬಿತ್ತು. ಭದ್ರಾವತಿ ಆಕಾಶವಾಣಿ, 675 ಕಿಲೋಹರ್ಟ್ಜ್, ನಮ್ಮ ಹಾಲ್‌ನಲ್ಲಿ ಬರೀ ಗೊರಗೊರ. ತಾರಸಿ ಮೇಲೆ ಮರದ ಚೌಕಟ್ಟಿಗೆ ತಂತಿ ಸುತ್ತಿ, ಹಳೇ ರೇಡಿಯೋದಲ್ಲಿ ಸ್ಟೇಷನ್ ಹಿಡಿಯಲು ತಿರುಗಿಸುವ ಗ್ಯಾಂಗ್ ಕಂಡೆನ್ಸರ್ ಹಾಕಿ ಲೂಪ್ ಆಂಟೆನಾ ಮಾಡಬೇಕು. ಗ್ಯಾಂಗ್ ಸಿಕ್ಕಿದೆ. ಚೌಕಟ್ಟು ಬಟ್ಟೆ ಒಣಗಿಸುವ ಹಗ್ಗದ ಜಾಗಕ್ಕೇ ಬರುತ್ತದೆ, ಅದಕ್ಕೆ ಮನೆಯವಳ ಒಪ್ಪಿಗೆ ಇನ್ನೂ ಸಿಕ್ಕಿಲ್ಲ.

ಸರಿ, ಹಾಡಿಗೆ ಬರ್ತೀನಿ. ನಿಟ್ಟುವಳ್ಳಿಯಲ್ಲಿ ಕಂಪನಿಗಳಿಗೆ ಹಾರ್ಮೋನಿಯಂ ನುಡಿಸುತ್ತಿದ್ದ ಮೇಷ್ಟ್ರೊಬ್ಬರಿದ್ದಾರೆ. ಎರಡೂ ಶ್ರುತಿಯಲ್ಲಿ ಹಾಡನ್ನು ಮಾಡಿಕೊಂಡು ಹೋದೆ. ಯಾವುದು ಸರಿ ಅಂತ ಕಿವಿಯಿಂದಲೇ ಹೇಳ್ತಾರೆ ಅಂದುಕೊಂಡಿದ್ದೆ. ಅವರು ಅದನ್ನು ಮಾಡಲೇ ಇಲ್ಲ. ಪೆಟ್ಟಿಗೆ ಎಳೆದುಕೊಂಡು, ಪಲ್ಲವಿ ಆದಮೇಲೆ ಬರುವ ಸಣ್ಣ ಹಾರ್ಮೋನಿಯಂ ಬಿಟ್ ಅನ್ನು ಮತ್ತೆ ಮತ್ತೆ ಹಾಕಿಸಿದರು. ಅದರಲ್ಲಿ ಮಧ್ಯಮದಿಂದ ಗಾಂಧಾರಕ್ಕೆ, ಮೇಲಿನ ಷಡ್ಜದಿಂದ ನಿಷಾದಕ್ಕೆ ಒಂದು ಜಾರು ಇದೆ. ಮಧ್ಯೆ ಸಂದೇ ಇಲ್ಲ, ಎಣ್ಣೆ ಹಚ್ಚಿದಂಗೆ.

"ನೋಡ್ ತಮ್ಮ," ಅಂದು ಕರಿ ಒಂದಕ್ಕೆ ಷಡ್ಜ ಇಟ್ಟರು. ಮಧ್ಯಮ ಕರಿ ಮನೆ ಮೇಲೆ ಬಂತು, ಗಾಂಧಾರ ಪಕ್ಕದ ಬಿಳಿ. ಬೆರಳು ಎತ್ತಲೇ ಇಲ್ಲ. ಮೇಲಿನ ಕರಿಯಿಂದ ಕೆಳಗಿನ ಬಿಳಿಗೆ ಹಾಗೇ ಜಾರಿಸಿದರು. ಟೇಪಿನಲ್ಲಿದ್ದದ್ದು ಅದೇ ಸದ್ದು. ಷಡ್ಜ-ನಿಷಾದದಲ್ಲೂ ಹಾಗೇ, ಕರಿಯಿಂದ ಬಿಳಿಗೆ. ಆಮೇಲೆ ಬಿಳಿ ಒಂದಕ್ಕೆ ಬಂದರು. ಈಗ ಎರಡೂ ಕಡೆ ಬಿಳಿಯಿಂದ ಬಿಳಿಗೆ. ಎರಡು ಬೆರಳು ಬೇಕು, ಸ್ವರ ಬೇರೆ ಬೇರೆಯಾಗಿ ಕೇಳುತ್ತದೆ. "ಬಿಳಿ ಒಂದ್ರಾಗೆ ಹಿಂಗ್ ನುಡಿಸಾಕೆ ಯಾವನಿಗೂ ಬೆರಳು ಬರಂಗಿಲ್ಲ. ಇದು ಕರಿ ಒಂದೇ." ನನ್ನ ಸ್ಪೆಕ್ಟ್ರೋಗ್ರಾಮ್ ಹೇಳಲಾಗದ್ದನ್ನು ಅವರ ತೋರುಬೆರಳು ಹೇಳಿತು.

ಹಾಡಿನ ಸಾಲುಗಳೂ ಈಗ ಸ್ಪಷ್ಟ, ಎರಡು ಪದ ಬಿಟ್ಟು. ಆ ಜಾಗದಲ್ಲಿ ಮಾವ ಪಕ್ಕದವರಿಗೆ ಕಡ್ಲೆಕಾಯಿ ಬೇಕಾ ಅಂತ ಕೇಳುತ್ತಿದ್ದಾರೆ. ಅದನ್ನು ತೆಗೆಯುವುದಿಲ್ಲ. ಅತ್ತೆಯೂ ಬೇಡ ಅಂದರು.

ಮುಂದೆ ಬಿ ಸೈಡ್. ಅದರಲ್ಲಿ ಸೆಲ್ ಪೂರ್ತಿ ಸತ್ತು ಟೇಪ್ ನಿಂತು ನಿಂತು ಓಡಿದೆ, ಹಾರ್ಮೋನಿಯಂ ಕೂಡ ಇಲ್ಲ, ಬರೀ ಹಾಸ್ಯ ಪಾತ್ರದ ಮಾತು. ಶ್ರುತಿ ಇಲ್ಲದ ಮಾತಿನ ವೇಗವನ್ನು ಯಾವುದರಿಂದ ಅಳೆಯುವುದು ಅಂತ ಯಾರಿಗಾದರೂ ದಾರಿ ಗೊತ್ತಿದ್ದರೆ ಹೇಳಿ. ಹಾಗೇ ಚೌಕದ ಬೆಲ್ಟ್ ಬೇಕಾದವರೂ ಹೇಳಿ, ಒಂದು ಪೊಟ್ಟಣ ಸುಮ್ನೆ ಬಿದ್ದಿದೆ.