ಕೊಟ್ಟಿಗೆ ಕೆಲಸದಲ್ಲಿ ಮಕ್ಕಳ ಪಾಲು: ಜೂನ್‌ನಿಂದ ಆಗಸ್ಟ್‌ವರೆಗಿನ ಲೆಕ್ಕ

ಸೋಮವಾರಪೇಟೆ ಕಡೆಯ ಕಾಫಿ ತೋಟದ ಮನೆ. ಕರೆಯುವ ಹಸು ಎರಡು, ಎಳೆಗರು ಒಂದು, ಹೇಂಟೆ ಇಪ್ಪತ್ತು, ನಾಯಿ ಒಂದು. ಮಕ್ಕಳು ಮೂವರು: 6, 9, 12 ವರ್ಷದವರು. ಬೆಳಿಗ್ಗೆ ಮುಕ್ಕಾಲು ಗಂಟೆ, ಸಂಜೆ ಅರ್ಧ ಗಂಟೆ. ಬೆಳಕು ಹರಿಯುವ ಮೊದಲು ಮಕ್ಕಳು ಅಂಗಳ ದಾಟುವಂತಿಲ್ಲ. ತೋಟದಲ್ಲಿ ಆನೆ ನಿಂತಿದ್ದರೆ ಆ ಹೊತ್ತಿನಲ್ಲಿ ಹತ್ತು ಮಾರು ದೂರದಿಂದಲೂ ತಿಳಿಯುವುದಿಲ್ಲ.

ಜೂನ್ ಕೊನೆ

"ಬಂದು ಸ್ವಲ್ಪ ಸಹಾಯ ಮಾಡಿ" ಎಂದು ಕರೆದ ದಿನಗಳಲ್ಲಿ ಮೂವರೂ ಕರುವಿನ ಹತ್ತಿರವೇ ಇರುತ್ತಿದ್ದರು. ಅದನ್ನು ಬಿಟ್ಟು ಒಬ್ಬೊಬ್ಬರಿಗೆ ಒಂದು ಪೂರ್ತಿ ಕೆಲಸ, ಒಂದು ಅಳತೆ ಪಾತ್ರೆ ಕೊಟ್ಟು, ಗಮನಿಸಬೇಕಾದ ಒಂದು ವಿಷಯವನ್ನೂ ಹೇಳಿಕೊಟ್ಟಾಯಿತು.

ಆರರ ಮಗುವಿಗೆ ಕೋಳಿ. ಒಂದು ಕೋಳಿಗೆ ದಿನಕ್ಕೆ ಸುಮಾರು 110 ಗ್ರಾಂ ಆಹಾರ, ಇಪ್ಪತ್ತಕ್ಕೆ 2.2 ಕೆಜಿ, ಎರಡು ಹೊತ್ತಿಗೆ ಹಂಚಿ. 1.1 ಕೆಜಿ ಹಿಡಿಯುವಲ್ಲಿಗೆ ಡಬ್ಬವನ್ನೇ ಕತ್ತರಿಸಿದ್ದಾಗಿದೆ. ಗೆರೆ ಎಳೆದುಕೊಟ್ಟರೆ ಮಕ್ಕಳು ಗೆರೆಯ ಮೇಲೂ ರಾಶಿ ಮಾಡುತ್ತಾರೆ, ಮಿಕ್ಕಿದ್ದು ನೆಲದಲ್ಲಿ ನೆನೆದು ಬೂಷ್ಟು ಹಿಡಿಯುತ್ತದೆ. ನೀರು ದಿನಕ್ಕೆ 5 ಲೀಟರ್ ಬೇಕು. 20 ಕೆಜಿ ತೂಗುವ ಮಗುವಿಗೆ ದೊಡ್ಡ ಬಕೆಟ್ ಕೊಟ್ಟರೆ ಅರ್ಧ ನೀರು ಅದರ ಕಾಲಿನ ಮೇಲೇ. 2 ಲೀಟರ್ ಕ್ಯಾನು, ಮೂರು ಸಲ.

ಜುಲೈ, ಎರಡನೇ ವಾರ

ಮಳೆ ಹಿಡಿದುಕೊಂಡಿದೆ. ಕೋಳಿಗಳು ಹೊರಗೆ ಬರುತ್ತಿಲ್ಲ, ಗೂಡಿನ ಹಾಸು ಬೇಗ ಒದ್ದೆಯಾಗುತ್ತಿದೆ. ಪರೀಕ್ಷೆ ಸುಲಭ: ಭತ್ತದ ಹೊಟ್ಟನ್ನು ಮುಷ್ಟಿಯಲ್ಲಿ ಹಿಡಿದು ಹಿಂಡಿ ಬಿಡಬೇಕು. ಉದುರಿದರೆ ಸರಿ, ಉಂಡೆಯಾಗಿಯೇ ನಿಂತರೆ ಒದ್ದೆ. ಒದ್ದೆ ಹಾಸಿನಲ್ಲಿ ಮರಿಗಳಿಗೆ ರಕ್ತಭೇದಿ ಬರುತ್ತದೆ. ಮೂಗಿಗೆ ಘಾಟು ಹೊಡೆಯುವ ಹೊತ್ತಿಗೆ ತಡವಾಗಿರುತ್ತದೆ. ಮುಷ್ಟಿ ಹಿಡಿಯುವ ಕೆಲಸವೂ ಆರರ ಮಗುವಿಗೇ. ದೊಡ್ಡವರಿಗಿಂತ ಚೆನ್ನಾಗಿ ಮಾಡುತ್ತದೆ, ಯಾಕೆಂದರೆ ದಿನಾ ಮಾಡುತ್ತದೆ. ಉಂಡೆಯಾದ ಜಾಗದ ಹೊಟ್ಟು ತೆಗೆದು, ನೆಲಕ್ಕೆ ಸುಣ್ಣ ಚಿಮುಕಿಸಿ ಹೊಸ ಹೊಟ್ಟು ಹಾಕುವುದು ದೊಡ್ಡವರು.

ಮೊಟ್ಟೆ ತೊಳೆಯಬಾರದು. ಚಿಪ್ಪಿನ ಮೇಲಿನ ತೆಳುಪದರ ಹೋದರೆ ಕೊಳೆ ಒಳಗೆ ಇಳಿಯುತ್ತದೆ. ಒಣಬಟ್ಟೆಯಲ್ಲಿ ಒರೆಸಿದರೆ ಸಾಕು.

ಕರು ಒಂಬತ್ತರ ಮಗುವಿನ ಪಾಲು. 30 ಕೆಜಿ ಕರುವಿಗೆ ತೂಕದ ಹತ್ತರಲ್ಲಿ ಒಂದು ಪಾಲು ಹಾಲು, ಅಂದರೆ ದಿನಕ್ಕೆ 3 ಲೀಟರ್, ಹೊತ್ತಿಗೆ ಒಂದೂವರೆ. ಮೊದಲು ಬಕೆಟ್ ನೆಲದಲ್ಲಿಟ್ಟು ಕುಡಿಸುತ್ತಿದ್ದರು. ಕರು ಗುದ್ದಿ ಎರಡು ಸಲ ಚೆಲ್ಲಿತು. ಹಳೆ ಸ್ಕೂಟರ್ ಟೈರಿನೊಳಗೆ ಬಕೆಟ್ ಕೂರಿಸಿದ ಮೇಲೆ ಚೆಲ್ಲುವುದು ನಿಂತಿತು, ಭೇದಿ ನಿಲ್ಲಲಿಲ್ಲ. ತಲೆ ಬಗ್ಗಿಸಿ ಗಟಗಟನೆ ಕುಡಿದರೆ ಹಾಲು ಹೋಗಬೇಕಾದ ಹೊಟ್ಟೆ ಬಿಟ್ಟು ದೊಡ್ಡ ಹೊಟ್ಟೆಗೆ ಬಿದ್ದು ಹುಳಿಯುವುದುಂಟು. ಈಗ ರಬ್ಬರ್ ತೊಟ್ಟಿನ ಬಕೆಟನ್ನು ಗೂಟಕ್ಕೆ, ತಾಯಿಯ ಕೆಚ್ಚಲಿನ ಎತ್ತರಕ್ಕೆ ನೇತುಹಾಕಿದೆ. ಕರು ಕತ್ತು ಚಾಚಿ ಎಳೆಯುತ್ತದೆ. ಹಾಲು ಮೈಬಿಸಿಯಷ್ಟೇ ಇರಬೇಕು. ತಣ್ಣಗಾದದ್ದನ್ನು ಬಿಸಿನೀರಿನ ಪಾತ್ರೆಯಲ್ಲಿ ಇಟ್ಟು ಮೊಣಕೈಗೆ ಬಿಟ್ಟು ನೋಡುವುದು. ನಾಲ್ಕು ದಿನದಲ್ಲಿ ಸಗಣಿ ಗಟ್ಟಿಯಾಯಿತು.

ಗಮನಿಸಬೇಕಾದದ್ದು: ಕಣ್ಣಿನ ಸುತ್ತ ಬೂದು ಬಣ್ಣದ ದುಂಡು ಹಕ್ಕಳೆ. ಅದು ಹುಳಕಡ್ಡಿ, ಮಕ್ಕಳಿಗೂ ಅಂಟುತ್ತದೆ. ಕಂಡರೆ ವಾಸಿಯಾಗುವವರೆಗೆ ಕರುವಿನ ಕೆಲಸ ಬಂದ್.

ಆಗಸ್ಟ್, ಮೊದಲ ವಾರ

ದೊಡ್ಡ ತಿದ್ದುಪಡಿ ಹಸುವಿನ ಕೆಲಸದಲ್ಲಿ. ಹನ್ನೆರಡರ ಮಗು ಕರೆಯುವ ಮೊದಲೇ ಗೋದಲಿಗೆ ಹುಲ್ಲು ತುಂಬುತ್ತಿತ್ತು. ಹಾಲು ಕರೆದು ಮುಗಿಯುವಷ್ಟರಲ್ಲಿ ಹುಲ್ಲೂ ಮುಗಿದು ಹಸು ಸಗಣಿಯ ಮೇಲೇ ಮಲಗುತ್ತಿತ್ತು. ಕರೆದ ಮೇಲೆ ಅರ್ಧ ಗಂಟೆಯಾದರೂ ತೊಟ್ಟಿನ ತೂತು ಪೂರ್ತಿ ಮುಚ್ಚಿರುವುದಿಲ್ಲ. ಕೆಚ್ಚಲುಬಾವು ಹತ್ತುವುದು ಆ ದಾರಿಯಲ್ಲೇ. ಕರೆಯುವಾಗ ಹಿಂಡಿ ಮಾತ್ರ, ಕರೆದಾದ ಮೇಲೆ ಹುಲ್ಲು ಎಂದು ಬದಲಾಯಿಸಿದ ಮೇಲೆ ಹಸು ನಿಂತೇ ತಿನ್ನುತ್ತದೆ. ಖರ್ಚಿಲ್ಲದ ಬದಲಾವಣೆ, ಜೂನ್‌ನಲ್ಲೇ ಹೊಳೆಯಬೇಕಿತ್ತು.

ಪ್ರತಿ ತೊಟ್ಟಿನ ಮೊದಲ ಎರಡು ಮೂರು ಧಾರೆ ಕಪ್ಪು ಬಟ್ಟಲಿಗೆ. ಹೆಪ್ಪು, ಎಳೆ, ನೀರುನೀರು ಏನೇ ಕಂಡರೂ ಆ ಹಾಲು ಬೇರೆ. ಬಟ್ಟಲು ಹಿಡಿದು ನೋಡುವುದು ಹನ್ನೆರಡರ ಮಗು. ಧಾರೆ ಬಿಡುವುದು, ಕರೆಯುವುದು ದೊಡ್ಡವರೇ.

ಹುಲ್ಲಿನದ್ದು ಇನ್ನೊಂದು ಗೋಳು. ಮಳೆಯಲ್ಲಿ ಕೊಯ್ದ ನೇಪಿಯರ್ ಹಾಗೇ ಹಾಕಿದರೆ ಸಗಣಿ ನೀರಾಗುತ್ತದೆ. ಹಿಂದಿನ ಸಂಜೆ ಕೊಯ್ದು ಸೂರಿನಡಿ ಹರಡಿ, ಬೆಳಿಗ್ಗೆ ಒಣಹುಲ್ಲಿನ ಜೊತೆ ಬೆರೆಸುವುದು. ಹರಡುವಾಗ ಕೊಡವಿದರೆ ಇಂಬಳವೂ ಉದುರುತ್ತದೆ. ಇಲ್ಲವಾದರೆ ಹಸುವಿನ ಮೂಗಿನೊಳಗೆ ಸೇರಿಕೊಳ್ಳುತ್ತದೆ. ಮಕ್ಕಳ ಕಾಲಿಗೆ ಹತ್ತಿದ್ದನ್ನು ಎಳೆಯಬಾರದು, ಕಚ್ಚಿದ ಬಾಯಿಯ ಪಕ್ಕ ಉಗುರು ತೂರಿಸಿ ಜಾರಿಸಬೇಕು. ಗಮ್ ಬೂಟಿಲ್ಲದೆ ಕೊಟ್ಟಿಗೆಗೆ ಪ್ರವೇಶವಿಲ್ಲ: ಗಂಜಲ ನಿಂತ ನೀರಿನಲ್ಲಿ ಕಾಲಿನ ಗಾಯದ ಮೂಲಕ ಇಲಿಜ್ವರ ಬರಬಹುದು. ಕೆಲಸ ಮುಗಿದ ಮೇಲೆ ಸೋಪು, ಆಮೇಲೆ ತಿಂಡಿ.

ಹಸು ಕಟ್ಟಿರುವಾಗ ಸಗಣಿ ಎತ್ತಲು ಮಕ್ಕಳಿಲ್ಲ. ಹಸುವಿನ ಹಿಂದೆ ಎರಡು ಮೀಟರ್ ದೂರಕ್ಕೆ ಬಣ್ಣದ ಪಟ್ಟಿ ಬಳಿದಿದೆ; ಹಸು ಹೊರಗೆ ಹೋದ ಮೇಲಷ್ಟೇ ಅದನ್ನು ದಾಟಬಹುದು. ಮಳೆ ರಜೆಯ ದಿನಗಳಲ್ಲಿ ಇದೆಲ್ಲ ಒಂದು ಗಂಟೆ ಹಿಂದೆ ಬೀಳುತ್ತದೆ. ಕೋಳಿಗೆ ಪರವಾಗಿಲ್ಲ, ಕೆಚ್ಚಲು ಬಿಗಿದ ಹಸು ಒದೆಯುತ್ತದೆ. ಆದ್ದರಿಂದ ರಜೆಯಲ್ಲೂ ಕರೆಯುವ ಹೊತ್ತು ಬದಲಾಗುವುದಿಲ್ಲ, ಉಳಿದದ್ದು ನಿಧಾನಕ್ಕೆ.

ಬಾಕಿ ಇರುವುದು: ಬಡಗು ಮೂಲೆಯಲ್ಲಿ ಗಂಜಲ ಹರಿಯದೆ ನಿಲ್ಲುತ್ತಿದೆ. ನೆಲದ ಇಳಿಜಾರು 10 ಅಡಿಗೆ 3 ಇಂಚು ಬೇಕು, ಅಲ್ಲಿ ಒಂದು ಇಂಚೂ ಇಲ್ಲ. ಒಂಬತ್ತರ ಮಗು ಗುಡಿಸಿದಷ್ಟೂ ನೀರು ವಾಪಸ್. ಮಳೆ ಬಿಟ್ಟ ಮೇಲೆ ಸಿಮೆಂಟು. ಅಲ್ಲಿಯವರೆಗೆ ಆ ಮೂಲೆ ದೊಡ್ಡವರ ಪಾಲು.