ಹೆಸರು ಬರೆಯೋ ಲೀಡರು

ನಾನು ಹೈಸ್ಕೂಲ್ ವಿಜ್ಞಾನ ಟೀಚರ್. ತುಮಕೂರು ಕಡೆಯ ಒಂದು ತಾಲೂಕು ಊರು, ಅನುದಾನಿತ ಕನ್ನಡ ಮೀಡಿಯಂ ಶಾಲೆ. ಇದು 2018-19ರ ಎಂಟನೇ ಕ್ಲಾಸಿನ ವಿಷಯ, ಬರೀಬೇಕು ಅಂತ ಎಷ್ಟೋ ಸಲ ಕೂತು ಅರ್ಧಕ್ಕೇ ಎದ್ದಿದೀನಿ. ಹೆಸರು ಬರೆಯೋದ್ರ ಬಗ್ಗೆನೇ ಪೋಸ್ಟು, ಅದಕ್ಕೆ ಇಲ್ಲಿ ಯಾರ ಹೆಸರೂ ಬರೆಯಲ್ಲ.

ಆ ವರ್ಷ ನಮ್ಮಲ್ಲಿ ಎರಡು ಪೋಸ್ಟ್ ಖಾಲಿ ಬಿದ್ದಿತ್ತು. ಒಬ್ರು ರಿಟೈರ್ ಆಗಿದ್ರು, ಇನ್ನೊಂದು ಪೋಸ್ಟಿಗೆ ಯಾವ ಕಾಲದಿಂದಲೋ ಯಾರೂ ಬಂದಿಲ್ಲ, ಹಂಗಾಗಿ ದಿನಕ್ಕೆ ಒಂದೋ ಎರಡೋ ಪೀರಿಯಡ್ ಎಂಟನೇ ಕ್ಲಾಸಿಗೆ ಟೀಚರೇ ಇಲ್ಲ. 58 ಮಕ್ಕಳು, ಒಂದು ರೂಮು, ಗೋಡೆ ಆಚೆ ಹತ್ತನೇ ಕ್ಲಾಸು. ಹತ್ತನೇ ಕ್ಲಾಸ್ ಅಂದ್ರೆ ಎಸ್ಸೆಸ್ಸೆಲ್ಸಿ ರಿಸಲ್ಟು, ಅಲ್ಲಿಗೆ ಸೌಂಡ್ ಹೋಗಬಾರದು. ಎಚ್.ಎಂ. ಸರ್ ಹೇಳಿದ್ದು ಒಂದೇ ಮಾತು, 'ನೀವು ಏನಾದ್ರೂ ಮಾಡ್ಕೊಳಿ ಮೇಡಂ, ನಂಗೆ ಸೈಲೆನ್ಸ್ ಬೇಕು.'

ನಾನು ಮಾಡಿದ್ದು ನಾವೆಲ್ಲ ಓದುವಾಗ ನಡೀತಿದ್ದ ಹಳೇ ಪದ್ಧತಿನೇ. ಕ್ಲಾಸ್ ಲೀಡರ್ ಮುಂದೆ ನಿಂತ್ಕೊಂಡು ಮಾತಾಡಿದವರ ಹೆಸರು ಬರೆಯೋದು, ಮತ್ತೆ ಮಾತಾಡಿದ್ರೆ ಹೆಸರಿನ ಮುಂದೆ ಒಂದು ಇಂಟು ಮಾರ್ಕು. ನಾನು ಅದಕ್ಕೆ ಸ್ವಲ್ಪ ಇಂಪ್ರೂವ್‌ಮೆಂಟ್ ಬೇರೆ ಮಾಡಿದೆ (ಈಗ ನೆನೆಸ್ಕೊಂಡ್ರೆ ಕಿವಿ ಬಿಸಿಯಾಗುತ್ತೆ). ಬೋರ್ಡಾದ್ರೆ ಅಳಿಸಿ ಬಿಡ್ತಾರೆ ಅಂತ ನೂರು ಪೇಜಿನ ಒಂದು ನೋಟ್‌ಬುಕ್ ಕೊಟ್ಟೆ, ಡೇಟ್ ಹಾಕಿ ಬರೀಬೇಕು, ವಾರದ ಲಿಸ್ಟ್‌ನ ಶನಿವಾರ ಬೆಳಗ್ಗೆ ಪ್ರೇಯರ್ ಮುಗಿದ ಮೇಲೆ ಎಲ್ಲಾ ಕ್ಲಾಸಿನ ಎದುರು ಲೀಡರೇ ಓದಬೇಕು, ಹೆಸರು ಬಂದವರು ಮುಂದೆ ಬಂದು ನಿಲ್ಲಬೇಕು. ಅಷ್ಟೇ. ಏಟಿಲ್ಲ, ಬಸ್ಕಿ ಇಲ್ಲ.

ಏಟಿಲ್ಲ ಅನ್ನೋದೇ ನನ್ನ ಹೆಮ್ಮೆ ಆಗಿತ್ತು. ನಮ್ಮ ಕಡೆ ಅಪ್ಪಂದಿರೇ ಬಂದು 'ಕಣ್ಣೊಂದು ಬಿಟ್ಟು ಎಲ್ಲಿಗೆ ಬೇಕಾದ್ರೂ ಬಾರಿಸಿ ಮಿಸ್' ಅಂತ ಹೇಳಿ ಹೋಗ್ತಾರೆ, ಸ್ಟಾಫ್‌ರೂಮಲ್ಲಿ ದಂಡಂ ದಶಗುಣಂ ಅನ್ನೋ ಮಾತು ವಾರಕ್ಕೊಂದು ಸಲ ಆದ್ರೂ ಬರುತ್ತೆ. ಅಂಥ ಕಡೆ ನಾನು ಬೆತ್ತ ಮುಟ್ಟಿದವಳಲ್ಲ. ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ಕ್ಕೆ ಜಾರಿಗೆ ಬಂದಾಗಿಂದ ಟ್ರೇನಿಂಗ್‌ಗಳಲ್ಲಿ 17ನೇ ಸೆಕ್ಷನ್ ಹೇಳ್ತಾನೇ ಇದಾರೆ. ಆ ಸೆಕ್ಷನ್ನಲ್ಲಿ ಎರಡು ಮಾತಿದೆ, ದೈಹಿಕ ಶಿಕ್ಷೆ ಕೊಡಬಾರದು, ಮಾನಸಿಕ ಕಿರುಕುಳ ಕೊಡಬಾರದು. ನಾವು ಎಲ್ಲರೂ ಮೊದಲನೇದನ್ನ ಮಾತ್ರ ಮನೆಗೆ ತಗೊಂಡು ಬಂದ್ವಿ. ಬೆತ್ತ ಬೀರು ಸೇರ್ತು, ನಾಲಿಗೆ ಎಲ್ಲಿತ್ತೋ ಅಲ್ಲೇ ಇತ್ತು. ಎರಡನೇದು ಏನು ಅಂತ ಮಕ್ಕಳ ಹಕ್ಕುಗಳ ರಕ್ಷಣಾ ರಾಷ್ಟ್ರೀಯ ಆಯೋಗದ ಮಾರ್ಗಸೂಚಿ ಬಿಡಿಸಿ ಹೇಳಿದೆ, ವ್ಯಂಗ್ಯ, ಅಡ್ಡಹೆಸರು, ಅಪ್ಪ ಅಮ್ಮನ ಕೆಲಸ ಹಿಡಿದು ಜಾತಿ ಹಿಡಿದು ಹಂಗಿಸೋದು, ನಾಚಿಕೆ ಆಗ್ಲಿ ಆಗ ಓದ್ತಾನೆ ಅಂತ ಎಲ್ಲರ ಮುಂದೆ ಅವಮಾನ ಮಾಡೋದು. ಅದನ್ನ ನಾನು ಓದಿದ್ದು ಇದೆಲ್ಲ ಆದ ಮೇಲೆ. ಒಂಬತ್ತು ಹತ್ತಕ್ಕೆ ಆ ಕಾಯ್ದೆ ಅನ್ವಯಿಸಲ್ಲ, ಅದು 14 ವರ್ಷದ ತನಕ ಮಾತ್ರ ಅಂತ ಪಾಯಿಂಟ್ ಹಾಕೋರೂ ನಮ್ಮಲ್ಲಿದಾರೆ. ಇರಬಹುದು, ಆದ್ರೆ 2015ರ ಬಾಲನ್ಯಾಯ ಕಾಯ್ದೆ 75ನೇ ಸೆಕ್ಷನ್ 18ರ ತನಕ ಇದೆ, ಅದರಲ್ಲೂ ಮನಸ್ಸಿಗೆ ಕೊಡೋ ಹಿಂಸೆ ಸೇರಿದೆ, 3 ವರ್ಷದವರೆಗೆ ಜೈಲು. ಇದನ್ನ ಹೇಳಿದ ದಿನ ಸ್ಟಾಫ್‌ರೂಮಲ್ಲಿ ಯಾರೂ ನನ್ನ ಜೊತೆ ಟೀ ಕುಡೀಲಿಲ್ಲ.

ಸರಿ, ಲೀಡರ್ ವಿಷಯಕ್ಕೆ ಬರ್ತೀನಿ. ಹುಡುಗಿ, ಚೆನ್ನಾಗಿ ಓದ್ತಿದ್ಲು, ಅಕ್ಷರ ಮುತ್ತಿನ ಹಂಗೆ, ಅದಕ್ಕೇ ಆರಿಸಿದ್ದು. ಜುಲೈಯಿಂದ ಡಿಸೆಂಬರ್ ತನಕ ಕ್ಲಾಸು ನಾನು ಅಂದ್ಕೊಂಡ ಹಂಗೇ ಇತ್ತು, ಗ್ಯಾಪ್ ಪೀರಿಯಡಲ್ಲಿ ಫ್ಯಾನಿನ ಸೌಂಡ್ ಕೇಳ್ತಿತ್ತು. ಬೇರೆ ಟೀಚರ್ಸ್ ಬಂದು ಹೆಂಗ್ ಮಾಡಿದ್ರಿ ಮೇಡಂ ಅಂತ ಕೇಳ್ತಿದ್ರು, ನಾನು ವಿವರವಾಗಿ ಹೇಳ್ತಿದ್ದೆ.

ಬಿಸಿಯೂಟದಲ್ಲಿ ಅವಳು ಒಬ್ಬಳೇ ನಲ್ಲಿ ಹತ್ರ ಕೂತು ತಿನ್ನೋದನ್ನ ನೋಡಿದ್ದೆ. ನೋಡಿ ಏನು ಅಂದ್ಕೊಂಡೆ ಗೊತ್ತಾ, ಎಷ್ಟು ಶಿಸ್ತಿನ ಹುಡುಗಿ, ಗುಂಪು ಸೇರ್ಕೊಂಡು ಹರಟೆ ಹೊಡೆಯಲ್ಲ ಅಂತ. ಆಮೇಲೆ ಶನಿವಾರ ಶನಿವಾರ ಆಬ್ಸೆಂಟ್ ಆಗೋಕೆ ಶುರು ಆಯ್ತು. ಮೂರನೇ ಶನಿವಾರ ಆದ ಮೇಲೆ ಸೋಮವಾರ ಅವರಮ್ಮ ಬಂದ್ರು, ಬಾಗಿಲ ಹತ್ರನೇ ನಿಂತ್ರು, ಒಳಗೆ ಬನ್ನಿ ಅಂದ್ರೂ ಬರಲಿಲ್ಲ. 'ಶುಕ್ರವಾರ ರಾತ್ರಿ ಆಯ್ತು ಅಂದ್ರೆ ಹೊಟ್ಟೆನೋವು ಅಂತಾಳೆ ಮಿಸ್, ತಾಲೂಕಾಸ್ಪತ್ರೆಗೂ ತೋರ್ಸಿದ್ವಿ, ಏನೂ ಇಲ್ಲ ಅಂದ್ರು. ನೆನ್ನೆ ಒತ್ತಿ ಕೇಳಿದ್ದಕ್ಕೆ ಅವಳಿಗೆ ಲೀಡರ್ ಬೇಡ್ವಂತೆ. ನಿಮ್ಮ ಹತ್ರ ಹೇಳೋಕೆ ಹೆದರ್ತಾಳೆ, ಅದಕ್ಕೆ ನಾನೇ ಬಂದೆ, ತಪ್ಪು ತಿಳ್ಕೋಬೇಡಿ.'

ನನಗೆ ಮೊದಲು ಬಂದಿದ್ದು ಸಿಟ್ಟು, ಅದನ್ನ ಮುಚ್ಚಿಡಲ್ಲ. ಇಷ್ಟು ಮಾಡಿ ಲೀಡರ್ ಮಾಡಿದ್ರೆ ಅಮ್ಮನ್ನ ಕಳಿಸ್ತಾಳಾ ಅಂತ. ಕ್ಲಾಸಿಗೆ ಹೋಗಿ ನೋಟ್‌ಬುಕ್ ವಾಪಸ್ ಈಸ್ಕೊಂಡೆ, ಅವತ್ತು ಸಾಯಂಕಾಲ ಮನೇಲಿ ಹಂಗೇ ಪೇಜ್ ತಿರುಗಿಸ್ತಾ ಕೂತಿದ್ದಾಗ ಕೊನೇ ಪುಟ ಸಿಕ್ತು.

ಕೊನೇ ಪುಟದಲ್ಲಿ ಗೆರೆ ಹಾಕಿ ಟೇಬಲ್ ಮಾಡಿದ್ಲು. ಎಡಗಡೆ ವಾರಗಳು, ಮೇಲೆ ಸೋಮ ಮಂಗಳ ಬುಧ, ಒಂದೊಂದು ಬಾಕ್ಸಲ್ಲಿ ನಾಲ್ಕು ನಾಲ್ಕು ರೋಲ್ ನಂಬರ್. ಮುಂದಿನ ವಾರದ್ದೂ ಇತ್ತು. ಅಂದ್ರೆ ಇನ್ನೂ ಬರದೇ ಇರೋ ದಿನದಲ್ಲಿ ಯಾರು ಮಾತಾಡ್ತಾರೆ ಅಂತ ಮೊದಲೇ ಬರ್ಕೊಂಡಿದಾಳೆ.

ಮಾರನೇ ದಿನ ಲ್ಯಾಬಲ್ಲಿ ಕೂರಿಸ್ಕೊಂಡು ಕೇಳ್ದೆ. ಹತ್ತು ನಿಮಿಷ ಬರೀ ಅಳು, ಆಮೇಲೆ ಬಾಯಿ ಬಿಟ್ಲು. ಶುರುವಲ್ಲಿ ಒಂದು ದಿನ ಖಾಲಿ ಪೇಜ್ ತಂದು ತೋರಿಸಿದ್ಲಂತೆ, ನಿಜವಾಗ್ಲೂ ಯಾರೂ ಮಾತಾಡಿರಲಿಲ್ಲ, ಅದಕ್ಕೆ ನಾನು 'ಏನು, 58 ಜನದಲ್ಲಿ ಒಬ್ರೂ ಬಾಯಿ ಬಿಡ್ಲಿಲ್ವಾ? ನೀನೂ ಅವರ ಜೊತೆ ಸೇರ್ಕೊಂಡ್ಯಾ?' ಅಂದಿದ್ನಂತೆ. ನನಗೆ ನೆನಪೇ ಇಲ್ಲ. ಅವಳಿಗೆ ಡೇಟ್ ಸಮೇತ ನೆನಪಿದೆ. ಅವತ್ತಿಂದ ದಿನಕ್ಕೆ ನಾಲ್ಕು ಹೆಸರು ಇರ್ಲೇಬೇಕು ಅಂತ ಅವಳೇ ತೀರ್ಮಾನ ಮಾಡ್ಕೊಂಡ್ಲು. ಯಾರದ್ದನ್ನ ಬರೆದ್ರೂ ಅವರು ಮಾತು ಬಿಡ್ತಿದ್ರು, ಅವಳ ಬ್ಯಾಗಿಗೆ ಇಂಕ್ ಹಾಕಿದ್ರು, ಊಟಕ್ಕೆ ಪಕ್ಕದಲ್ಲಿ ಕೂರಿಸ್ಕೊಳ್ತಿರಲಿಲ್ಲ. ಅದಕ್ಕೆ ಸರದಿ ಮಾಡಿದ್ಲು. ತಪ್ಪು ಮಾಡೋಕೆ ಸರದಿ! ಹದಿಮೂರು ವರ್ಷದ ಮಗು ನನ್ನ ಸೈಲೆನ್ಸಿಗೋಸ್ಕರ ನ್ಯಾಯವಾಗಿ ಎಲ್ಲರಿಗೂ ಸಮವಾಗಿ ಹಂಚಿದ ಶಿಕ್ಷೆ.

ಆದ್ರೆ ಸಮವಾಗಿ ಇರಲಿಲ್ಲ, ಅದೇ ನನ್ನನ್ನ ಈಗ್ಲೂ ಕೊರೆಯೋದು. ಟೇಬಲ್ಲಲ್ಲಿ ರೋಲ್ ನಂಬರ್ 31 ಎಲ್ಲಾ ವಾರದಲ್ಲೂ ಇತ್ತು, ಕೆಲವು ವಾರ ಮೂರು ಸಲ. ಹೆಸರು ಬಂದ್ರೆ ಅಳೋ ಮಕ್ಕಳು, ಮನೇಲಿ ಗೊತ್ತಾದ್ರೆ ಏಟು ಬೀಳೋ ಮಕ್ಕಳು, ಅವರ ಸರದಿ ಬಂದಾಗ ಇವನು 'ನಂದು ಬರ್ಕೋ, ನಂದು ಹೆಂಗೂ ಇರುತ್ತಲ್ಲ' ಅಂತಿದ್ನಂತೆ. ಒಂದೆರಡು ಸಲ ನಿಜವಾಗಿ ಗಲಾಟೆ ಮಾಡಿ ಸಿಕ್ಕಿ ಹಾಕ್ಕೊಂಡಿದ್ದ, ರೌಡಿ ಅಂತ ಹೆಸರು ಬಿತ್ತು (ಇಟ್ಟಿದ್ದು ನಾನೇ, ತಮಾಷೆಗೆ), ಆಮೇಲೆ ಇನ್ನೊಂದು ಸಲ ಬಂದ್ರೆ ಏನು ಹೋಗೋದು ಅಂತ ಅವನ ಲೆಕ್ಕ. ನನ್ನ ಲೆಕ್ಕ ಬೇರೆ. ನವೆಂಬರಲ್ಲಿ ಪೋಷಕರ ಸಭೆಲಿ ಅವರಪ್ಪನ ಮುಂದೆ ನೋಟ್‌ಬುಕ್ ಬಿಚ್ಚಿ ಎಣಿಸಿ ತೋರಿಸಿದ್ದೆ, 40 ಸಲಕ್ಕಿಂತ ಜಾಸ್ತಿ, 'ಹುಡುಗ ಕೆಟ್ಟು ಹೋಗ್ತಿದಾನೆ, ನೋಡ್ಕೊಳಿ' ಅಂದಿದ್ದೆ. ಡಿಸೆಂಬರ್ ಕೊನೆಗೆ ಅವನು ಸ್ಕೂಲಿಗೆ ಬರೋದು ಬಿಟ್ಟಿದ್ದ. ಬಿಟ್ರೆ ಬಿಡ್ಲಿ ಅಂತ ಬಾಯಲ್ಲಿ ಹೇಳಿರಲಿಲ್ಲ, ಒಳಗೆ ಸ್ವಲ್ಪ ಹಾಯ್ ಅನ್ನಿಸಿತ್ತು.

ಟೇಬಲ್ ನೋಡಿದ ವಾರನೇ ಅವರ ಮನೆಗೆ ಹೋದೆ. ಹುಡುಗ ತೋಟದ ಕಡೆ ಹೋಗಿದ್ದ, ನಾನು ಬಂದಿದೀನಿ ಅಂತ ಗೊತ್ತಾಗೇ ಹೋದ ಅನ್ಸುತ್ತೆ. ಅವರಪ್ಪಂಗೆ ನಡೆದಿದ್ದೆಲ್ಲ ಹೇಳ್ದೆ, ಅವನದ್ದೇನೂ ಅಷ್ಟು ತಪ್ಪಿಲ್ಲ, ನಾನೇ ತಿಳ್ಕೊಂಡಿದ್ದು ತಪ್ಪು ಅಂದೆ. ಅವರು ಸುಮಾರು ಹೊತ್ತು ನೆಲ ನೋಡ್ತಾ ಕೂತಿದ್ರು. 'ನೀವೇ ಹೇಳಿದ್ರಲ್ಲ ಮಿಸ್ ಕೆಟ್ಟು ಹೋಗಿದಾನೆ ಅಂತ, ಅವತ್ತು ಬೆಲ್ಟಲ್ಲಿ ಹೊಡೆದುಬಿಟ್ಟೆ' ಅಂದ್ರು. ಕಾಫಿ ಕೊಟ್ರು, ಕುಡಿದು ಬಂದೆ. ಏಟು ಕೊಡಲ್ಲ ಅನ್ನೋ ನನ್ನ ಹೆಮ್ಮೆ ಅಲ್ಲಿಗೆ ಮುಗೀತು. ಅವನು ಮಾರ್ಚಲ್ಲಿ ಪರೀಕ್ಷೆಗೆ ಬಂದ, ಬರೆದ, ಮೇ ತಿಂಗಳಲ್ಲಿ ಟಿ.ಸಿ. ತಗೊಂಡು ಮಾವನ ಊರಿನ ಶಾಲೆಗೆ ಸೇರ್ಕೊಂಡ. ಆಫೀಸ್ ರೂಮಲ್ಲಿ ಎದುರಿಗೆ ಸಿಕ್ಕಿದ್ದ, ನಮಸ್ತೆ ಮಿಸ್ ಅಂದ, ಅಷ್ಟೇ. ಸಾರಿ ಅನ್ನೋಕೆ ನನಗೆ ಬಾಯಿ ಬರಲಿಲ್ಲ, ಗುಮಾಸ್ತರು ಇದ್ರು, ಇನ್ನೂ ಇಬ್ಬರು ಪೋಷಕರಿದ್ರು. ಎಲ್ಲರ ಮುಂದೆ ಅವನನ್ನ ನಿಲ್ಲಿಸೋಕೆ ಮಾತ್ರ ಬರ್ತಿತ್ತು.

ಹೆಸರು ಬರೆಯೋದು ನಿಲ್ಲಿಸಿದೆ. ಎಲ್ಲಾ ಸರಿ ಹೋಯ್ತು ಅಂತ ಬರೆದ್ರೆ ಸುಳ್ಳು. ಗಲಾಟೆ ಜಾಸ್ತಿ ಆಯ್ತು, ಪಕ್ಕದ ಕ್ಲಾಸಿನವರು ಎಚ್.ಎಂ. ಹತ್ರ ಎರಡು ಸಲ ಕಂಪ್ಲೇಂಟ್ ಮಾಡಿದ್ರು, ಪಿ.ಟಿ. ಸರ್ ಅಂತೂ 'ಭಯ ಇಲ್ಲದ ಮೇಲೆ ಅವು ಕೇಳ್ತಾವಾ ಮೇಡಂ' ಅಂತ ನಕ್ರು. ನಾನೂ ಮೂರು ನಾಲ್ಕು ಸಲ ತಾಳ್ಮೆ ಕೆಟ್ಟು ಕಿರುಚಿದೀನಿ. ಸ್ವಲ್ಪ ಕೈ ಹಿಡಿದಿದ್ದು ಅಂದ್ರೆ ಗ್ಯಾಪ್ ಪೀರಿಯಡಿಗೆ ನಾಲ್ಕು ನಾಲ್ಕು ಜನಕ್ಕೆ ಒಂದು ಪ್ರಶ್ನೆ ಕೊಟ್ಟು, ಮಾತಾಡಿಯೇ ಉತ್ತರ ಹುಡುಕಿ ಅಂತ ಬಿಟ್ಟಿದ್ದು, ಆ ಸೌಂಡ್ ಒಂಥರಾ ಬೇರೆ, ಗೋಡೆ ಆಚೆಯವರಿಗೂ ಅದು ಅಷ್ಟು ಚುಚ್ಚಲ್ಲ. ಲೀಡರ್ ವಾರಕ್ಕೊಬ್ರು, ಹಾಜರಿ ಪುಸ್ತಕ ತರೋದು, ಚಾಕ್‌ಪೀಸ್ ತರೋದು, ಇನ್ನೇನೂ ಇಲ್ಲ. ಶನಿವಾರದ ಓದು ನಿಲ್ಲಿಸಿದ ಮೇಲೆ ಮಕ್ಕಳು ನನ್ನ ಹತ್ರ ಏನೇನೋ ಹೇಳೋಕೆ ಶುರು ಮಾಡಿದ್ರು, ಬಾತ್‌ರೂಮ್ ಬಾಗಿಲ ಚಿಲಕ ಆರು ತಿಂಗಳಿಂದ ಕಿತ್ತು ಹೋಗಿತ್ತಂತೆ, ಹೆಣ್ಣುಮಕ್ಕಳು ಇಬ್ಬಿಬ್ಬರು ಹೋಗಿ ಬಾಗಿಲು ಹಿಡ್ಕೊಳ್ತಿದ್ರಂತೆ, ನನಗೆ ಒಬ್ರೂ ಹೇಳಿರಲಿಲ್ಲ. ಫ್ಯಾನಿನ ಸೌಂಡ್ ಕೇಳೋ ಕ್ಲಾಸಲ್ಲಿ ಅದೂ ಕೇಳಿರಲಿಲ್ಲ.

ಆ ಹುಡುಗಿ ಎಸ್ಸೆಸ್ಸೆಲ್ಸಿ ಮುಗಿಸಿ ಹೋದ್ಲು. ಊಟಕ್ಕೆ ಅವಳ ಪಕ್ಕ ಯಾರಾದ್ರೂ ಕೂರೋಕೆ ಇಡೀ ಒಂದು ವರ್ಷ ಹಿಡೀತು. ನಾನು ಕ್ಲಾಸಲ್ಲಿ ನಿಂತು ತಪ್ಪು ನಂದು, ಅವಳದ್ದಲ್ಲ ಅಂತ ಹೇಳಿದ್ದೆ, ಆದ್ರೂ ಹಿಡೀತು.

ಈ ವರ್ಷ ಜೂನಲ್ಲಿ ಹೊಸದಾಗಿ ಸೇರಿದ ಅತಿಥಿ ಶಿಕ್ಷಕಿ ಒಬ್ರು ಬಂದು ಕೇಳಿದ್ರು, 'ಮೇಡಂ, ಎಂಟನೇ ಕ್ಲಾಸ್ ಸಿಕ್ಕಾಪಟ್ಟೆ ಗಲಾಟೆ, ಹೆಸರು ಬರೆಯೋಕೆ ಯಾರನ್ನ ಹಾಕ್ಲಿ?' ಬೀರು ತೆಗೆದು ಆ ನೋಟ್‌ಬುಕ್ಕಿನ ಕೊನೇ ಪುಟ ತೋರಿಸಿದೆ. ಅವರು ಸ್ವಲ್ಪ ಹೊತ್ತು ತಿರುಗಿಸಿ ಮುರುಗಿಸಿ ನೋಡಿದ್ರು.

'ಇದೇನು ಮೇಡಂ, ಡ್ಯೂಟಿ ಲಿಸ್ಟಾ?'

ಹೂಂ, ಡ್ಯೂಟಿ ಲಿಸ್ಟೇ ಅಂದೆ.