ಕ್ವಾರಿಯ ಕಣ್ಣಿಗೆ ಕಂಡ ದುರಾತೋನ್

ಅಪ್ಪ ಮೂವತ್ತು ವರ್ಷ ಬಾಗಲಕೋಟೆ ಸುತ್ತಿನ ಸುಣ್ಣಗಲ್ಲಿನ ಕ್ವಾರಿಯಲ್ಲಿ ದುಡಿದವರು. ಮ್ಯಾಡ್ರಿಡ್‌ನಲ್ಲಿ ಅರಮನೆಗೆ ಕರೆದೊಯ್ದರೆ ಛತ್ತು ಬಿಟ್ಟು ನೆಲದ ಹಾಸುಗಲ್ಲು ನೋಡುತ್ತ ನಿಂತರು. "ಇವ್ರನ್ನ ಕಲ್ಲು ಇದ್ದಲ್ಲೇ ಕರ್ಕೊಂಡು ಹೋಗೋ ತಮ್ಮಾ" ಎಂದಳು ಅವ್ವ. ಮೇ ತಿಂಗಳ ಒಂದು ಶನಿವಾರ ದುರಾತೋನ್ ಹೊಳೆಯ ಕಣಿವೆಗೆ ಹೊರಟೆವು.

ಮ್ಯಾಡ್ರಿಡ್‌ನಿಂದ ಉತ್ತರಕ್ಕೆ ಸುಮಾರು 120 ಕಿ.ಮೀ. ದೂರದಲ್ಲಿ ಸೆಪುಲ್ವೆದಾ ಎಂಬ ಗುಡ್ಡದೂರು. ಕಟ್ಟಿಗೆ ಒಲೆಯಲ್ಲಿ ಬೇಯಿಸಿದ ಕುರಿಮರಿಗೆ ಹೆಸರಾದ ಜಾಗ. ಓಣಿ ತುಂಬ ಅದೇ ವಾಸನೆ. ಅವ್ವ ಮೂಗಿಗೆ ಸೆರಗು ಹಿಡಿದಳು. ಊರಾಚೆ ಕಾರು ನಿಲ್ಲಿಸಿ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಉಳ್ಳಾಗಡ್ಡಿ ಬಿಚ್ಚಿದೆವು. ಅಪ್ಪ ಮಾತ್ರ ಊಟ ಬಿಟ್ಟು, ಕಾಲಬಳಿಯ ಹರಳೊಂದನ್ನು ಕಲ್ಲಿಗೆ ತಿಕ್ಕಿ, ಅದರ ಮೇಲೆ ನಿಂಬೆಹಣ್ಣು ಹಿಂಡಿ ಕಿವಿ ಹತ್ತಿರ ಹಿಡಿದರು. ಸುಣ್ಣಗಲ್ಲಿಗೆ ಹುಳಿ ಬಿದ್ದರೆ ಬರುವಂತೆ ಸಣ್ಣಗೆ ನೊರೆ ಬಂತು. "ಹೂಂ, ನಮ್ಮದ ಮಾಲು."

ನಮ್ಮದೇ ಮಾಲು, ಆದರೆ ವಯಸ್ಸು ಬೇರೆ. ಇಲ್ಲಿಯದು ಡೈನೋಸಾರ್ ಕಾಲದ ಸಮುದ್ರದ ತಳ. ನಮ್ಮ ಕಲಾದಗಿ ಸೀಮೆಯ ಸುಣ್ಣಗಲ್ಲು ನೂರು ಕೋಟಿ ವರ್ಷಕ್ಕೂ ಹಳೆಯದು. ಇದನ್ನು ಹೇಳಿದಾಗ ಅಪ್ಪನ ಮುಖದಲ್ಲಿ ಹಿರೀಕನ ಗತ್ತು ಬಂತು.

ವಿಯಾಸೆಕಾ ಹಳ್ಳಿ ದಾಟಿದ ಮೇಲೆ ಮಣ್ಣಿನ ರಸ್ತೆ, ಆಮೇಲೆ ಒಂದು ಕಿಲೋಮೀಟರಿನಷ್ಟು ನಡಿಗೆ. ಸುತ್ತ ಬಯಲು, ಅಲ್ಲೊಂದು ಇಲ್ಲೊಂದು ಕುಳ್ಳ ಮರ. ಕಣಿವೆಯ ಸುಳಿವೇ ಇಲ್ಲ. ಹುನಗುಂದದ ಕಡೆಯ ಹೊಲದಾಗ ನಡೆದಂತೆ ನಡೆಯುತ್ತಿದ್ದೆವು. ಒಮ್ಮೆಲೇ ನೆಲ ಮುಗಿಯಿತು. ಕೆಳಗೆ ನೂರು ಮೀಟರಿಗೂ ಹೆಚ್ಚು ಆಳ. ಪದರ ಪದರವಾದ ಬಿಳಿ, ಕೇಸರಿ ಗೋಡೆಗಳ ನಡುವೆ ಹೊಳೆ ಹಾವಿನಂತೆ ಹೊರಳಿಕೊಂಡಿದೆ.

"ಎಷ್ಟು ಲಕ್ಷ ಟನ್ ಆಗತದಲೇ ಇದು!" ಅಪ್ಪನ ಮೊದಲ ಮಾತು. ಎಲ್ಲಿಂದ ಮೆಟ್ಟಿಲು ಮೆಟ್ಟಿಲಾಗಿ ಬೆಂಚ್ ಇಳಿಸಬೇಕು, ಎಲ್ಲಿ ತೂತು ಕೊರೆಯಬೇಕು ಎಂದು ಬೆರಳಲ್ಲೇ ಗೆರೆ ಎಳೆದರು. ಅವ್ವ ಬೇರೆಯದನ್ನೇ ನೋಡುತ್ತಿದ್ದಳು. "ಇದು ಹರಿಯೂ ನೀರಲ್ಲ. ಹಿನ್ನೀರ ಐತಿ." ಹೌದು, ಕೆಳಗೆ ಬುರ್ಗೊಮಿಯೋದೋ ಎಂಬ ಆಣೆಕಟ್ಟಿದೆ. ನಕ್ಷೆ ಬೇಕಾಗಲಿಲ್ಲ ಅವಳಿಗೆ. ಹಳೆ ಬಾಗಲಕೋಟೆಯ ನಮ್ಮ ಓಣಿ ಆಲಮಟ್ಟಿಯ ಹಿನ್ನೀರಿಗೆ ಹೋದದ್ದನ್ನು ಕಂಡವಳು.

ಕಣಿವೆಯ ತುದಿಯಲ್ಲಿ ಸಂತ ಫ್ರುತೋಸನ ಹಳೆಯ ಗುಡಿಯಿದೆ. ದಾರಿಯಲ್ಲಿ ಬಂಡೆ ಚಾಕುವಿನಿಂದ ಸೀಳಿದಂತೆ ಬಾಯಿಬಿಟ್ಟಿದೆ, ಮೇಲೊಂದು ಕಲ್ಲಿನ ಸೇತುವೆ. ಬೆನ್ನಟ್ಟಿ ಬಂದ ಸೈನಿಕರನ್ನು ತಡೆಯಲು ಸಂತ ಕೋಲಿನಿಂದ ಗೆರೆ ಎಳೆದನಂತೆ, ಗುಡ್ಡ ಬಿರಿಯಿತಂತೆ. ಅಪ್ಪ ನಕ್ಕರು. "ನವಿಲುತೀರ್ಥದಾಗ ನವಿಲು ಕೂಗಿ ಕರೀತು, ಮಲಪ್ರಭಾ ಗುಡ್ಡ ಸೀಳಿ ಬಂತು. ಎಲ್ಲಾ ಕಡೆ ಇದ ಕತಿ." ಎಲ್ಲಮ್ಮನ ಗುಡ್ಡಕ್ಕೆ ಹೋಗುವಾಗೆಲ್ಲ ನನಗೆ ಹೇಳುತ್ತಿದ್ದ ಕತೆ.

ಆಗ ಹದ್ದುಗಳು ಬಂದವು. ಬಂದವು ಅನ್ನುವುದಕ್ಕಿಂತ ಕೆಳಗಿನಿಂದ ಎದ್ದವು. ಎರಡೂವರೆ ಮೀಟರ್ ರೆಕ್ಕೆಯ ರಣಹದ್ದುಗಳು ನಮ್ಮ ಕಾಲಕೆಳಗೆ ತೇಲುತ್ತಿದ್ದವು. ಹದ್ದಿನ ಬೆನ್ನು ನೋಡಿದ್ದು ನನಗದೇ ಮೊದಲು. ರೆಕ್ಕೆಗೆ ಗಾಳಿ ತಾಗುವ ಸಪ್ಪಳವೂ ಕೇಳಿತು. ಅಪ್ಪನ ಬೆರಳು ಗೆರೆ ಎಳೆಯುವುದನ್ನು ನಿಲ್ಲಿಸಿತ್ತು. "ನಾ ಸಣ್ಣಾವಿದ್ದಾಗ ಎತ್ತು ಸತ್ತರ ಹಿಂಡುಗಟ್ಟಲೆ ಇಳೀತಿದ್ದು. ಎಲ್ಲಿ ಹೋದುವೋ."

ಎಲ್ಲಿ ಹೋದವೆಂದು ಗೊತ್ತಿದೆ. ದನಗಳ ನೋವಿಗೆ ಕೊಡುತ್ತಿದ್ದ ಡೈಕ್ಲೋಫಿನಾಕ್, ಹೆಣ ತಿಂದ ಹದ್ದಿನ ಮೂತ್ರಪಿಂಡ ಕೆಡಿಸುತ್ತದೆ. ಭಾರತ 2006ರಲ್ಲಿ ದನಗಳಿಗೆ ಅದನ್ನು ನಿಷೇಧಿಸುವ ಹೊತ್ತಿಗೆ ಬಹುಪಾಲು ಹದ್ದುಗಳು ಮುಗಿದಿದ್ದವು. ಸೋಜಿಗವೆಂದರೆ, ನಮ್ಮ ಅನುಭವ ಕಣ್ಣೆದುರಿದ್ದೂ ಇದೇ ಸ್ಪೇನ್ 2013ರಲ್ಲಿ ಆ ಔಷಧಿಗೆ ಪರವಾನಗಿ ಕೊಟ್ಟಿತು.

ಕಣಿವೆ 1989ರಿಂದ ಸಂರಕ್ಷಿತ ಉದ್ಯಾನ. ಈ ಹದ್ದು ವರ್ಷಕ್ಕೆ ಒಂದೇ ತತ್ತಿ ಇಡುತ್ತದೆ. ಅದಕ್ಕೇ ಜನವರಿಯಿಂದ ಜುಲೈ ಕೊನೆಯವರೆಗೆ ಕೆಳಗಿನ ಹೊಳೆದಂಡೆಯ ಒಂದು ಭಾಗದಲ್ಲಿ ನಡೆಯಬೇಕಾದರೆ ಅನುಮತಿಪತ್ರ ಬೇಕು. ವಾಪಸು ಬರುವಾಗ ಕಾರಿನಲ್ಲಿ ಇದನ್ನು ಹೇಳಿದೆ.

"ಏಳು ತಿಂಗಳಾ? ಹಂಗಾರ ಕೆಲಸಗಾರರ ಪಗಾರ ಯಾರು ಕೊಡತಾರ?"

"ಅಲ್ಲಿ ಕ್ವಾರಿ ಇಲ್ಲಪ್ಪಾ, ಬರೀ ನಡಿಯೂದು."

ಬಹಳ ಹೊತ್ತು ಸುಮ್ಮನಿದ್ದರು. ಹೆದ್ದಾರಿ ಬಂದ ಮೇಲೆ ಕೇಳಿದರು: "ಒಂದು ತತ್ತಿಗೆ?"